ಮೌಖಿಕ, ಎಂಜಲು ಮತ್ತು ಒಂದು ತೆಳ್ಳಗಿನ ಹಾಳೆ

ಕಳೆದ ಮಳೆಗಾಲದಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ನಾಲ್ಕು ಪುಟದ ಒಂದು ಕರಡು ಕಳಿಸಿದಳು. ಕನ್ನಡ ಎಂ.ಎ. ಮುಗಿಸಿ, ಕಾಲೇಜಿನ ಕೆಲಸಕ್ಕೆ ಅಲೆದು ಸಾಕಾಗಿ, ಈಗ ಉತ್ತರ ಕರ್ನಾಟಕದ ಒಂದು ಊರಿನಲ್ಲಿ ಆಪ್ತಸಮಾಲೋಚಕಿಯಾಗಿದ್ದಾಳೆ. ಲೈಂಗಿಕ ಸೋಂಕುಗಳ ಬಗ್ಗೆ ಕೇಳಲು ಬರುವವರ ಜೊತೆ ಮಾತಾಡುವುದು ಅವಳ ಕೆಲಸ. “ಮೇಡಂ, ಇಂಗ್ಲಿಷಿನಿಂದ ಮಾಡಿಸ್ಯಾರ. ಕನ್ನಡ ಅಷ್ಟು ನೋಡಿಕೊಡ್ರಿ” ಎಂದು ಬರೆದಿದ್ದಳು.

ಮೊದಲ ವಾಕ್ಯ ಹೀಗಿತ್ತು: “ಮೌಖಿಕ ಸಂಭೋಗದ ಸಂದರ್ಭದಲ್ಲಿ ತಡೆಗೋಡೆ ವಿಧಾನಗಳನ್ನು ಅನುಸರಿಸತಕ್ಕದ್ದು.” ಎರಡನೆಯ ಪುಟದಲ್ಲಿ ‘ಡೆಂಟಲ್ ಡ್ಯಾಮ್’ ಎಂಬುದು ‘ದಂತ ಅಣೆಕಟ್ಟು’ ಆಗಿತ್ತು. ನಾನು ಒಬ್ಬಳೇ ಕೂತು ನಕ್ಕೆ. ಕನ್ನಡ ವಿಭಾಗದಲ್ಲಿ ಓದಿದವರಿಗೆ ‘ಮೌಖಿಕ’ ಎಂದರೆ ಜನಪದ ಮಹಾಕಾವ್ಯ, ಇಲ್ಲವೇ ವರ್ಷದ ಕೊನೆಯ ಪರೀಕ್ಷೆ. ಅಣೆಕಟ್ಟು ಎಂದರೆ ಕೆ.ಆರ್.ಎಸ್., ಆಲಮಟ್ಟಿ. ನಕ್ಕು ಮುಗಿದ ಮೇಲೆ ಆ ವಾಕ್ಯವನ್ನು ಮತ್ತೆ ಓದಿದೆ. ಇದನ್ನು ಓದಿ ಯಾರಾದರೂ ಏನು ಮಾಡಬೇಕು? ಯಾವುದನ್ನು, ಎಲ್ಲಿ, ಯಾವಾಗ? ಅದರಲ್ಲಿ ಕರ್ತೃವಿಲ್ಲ, ದೇಹವಿಲ್ಲ, ಇಬ್ಬರು ಮನುಷ್ಯರಿಲ್ಲ. ‘ತಕ್ಕದ್ದು’ ಎಂಬ ಸರ್ಕಾರಿ ಆಜ್ಞೆಯ ಪ್ರತ್ಯಯ ಮಾತ್ರ ಇದೆ. ವ್ಯಾಕರಣದಲ್ಲಿ ತಪ್ಪಿಲ್ಲದ ಈ ವಾಕ್ಯ ಒಬ್ಬರನ್ನೂ ಒಂದು ಗಂಟಲ ಸೋಂಕಿನಿಂದ ಕಾಪಾಡಲಾರದು.

ಕರಪತ್ರವನ್ನು ನಾವು ಸಾಹಿತ್ಯವೆಂದು ಓದುವುದಿಲ್ಲ, ಅದರ ವಿಮರ್ಶೆಯನ್ನೂ ಯಾರೂ ಬರೆಯುವುದಿಲ್ಲ. ಆದರೆ ಓದುಗರ ಬದುಕಿಗೆ ಇಷ್ಟು ಹತ್ತಿರ ಹೋಗುವ ಬರವಣಿಗೆ ಇನ್ನೊಂದಿಲ್ಲ. ಕಾದಂಬರಿ ಸೋತರೆ ಒಂದು ಸಂಜೆ ಹಾಳು. ಇದು ಸೋತರೆ ಹಾಳಾಗುವುದು ಬೇರೆ. ಹಾಗಾಗಿ ಈ ವಾರ ಇಂಥ ಬರವಣಿಗೆಯನ್ನೇ, ನಾವು ಕಥೆ ಕವಿತೆಗಳಿಗೆ ಕೊಡುವ ಗಮನ ಕೊಟ್ಟು, ಓದಲು ಯತ್ನಿಸುತ್ತೇನೆ.

*

ಈ ಪ್ರಕಾರಕ್ಕೆ ಒಂದು ಆದಿಕೃತಿ ಇದೆ ಎಂದರೆ ಅದು 1983ರ ಮೇ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ಅಚ್ಚಾದ ಸುಮಾರು 40 ಪುಟಗಳ ಪುಸ್ತಿಕೆ, ‘ಹೌ ಟು ಹ್ಯಾವ್ ಸೆಕ್ಸ್ ಇನ್ ಆ್ಯನ್ ಎಪಿಡೆಮಿಕ್’. ಸಾಂಕ್ರಾಮಿಕದ ನಡುವೆ ಕೂಡುವುದು ಹೇಗೆ ಎಂಬುದು ಹೆಸರಿನ ಅರ್ಥ. ಬರೆದವರು ಮೈಕೆಲ್ ಕ್ಯಾಲೆನ್ ಮತ್ತು ರಿಚರ್ಡ್ ಬರ್ಕೊವಿಟ್ಜ್. ಒಬ್ಬ ಗಾಯಕ, ಇನ್ನೊಬ್ಬ ಲೈಂಗಿಕ ವೃತ್ತಿಯಲ್ಲಿದ್ದವನು. ಇಬ್ಬರೂ ಸಲಿಂಗಕಾಮಿಗಳು, ಇಬ್ಬರೂ ಆಗಲೇ ಕಾಯಿಲೆ ಬಿದ್ದವರು. ಹಿಂದೆ ನಿಂತು ವೈದ್ಯಕೀಯ ಸಲಹೆ ಕೊಟ್ಟವರು ಅವರ ವೈದ್ಯ ಜೋಸೆಫ್ ಸೊನ್ನಬೆಂಡ್.

ಆ ಹೊತ್ತಿಗೆ ಏಡ್ಸ್‌ಗೆ ಕಾರಣವೇನೆಂಬುದು ಖಚಿತವಾಗಿರಲಿಲ್ಲ. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯವರು ಹೊಸ ವೈರಸ್ಸೊಂದನ್ನು ಕಂಡ ವರದಿ ಪ್ರಕಟವಾದದ್ದೂ ಅದೇ ತಿಂಗಳಲ್ಲಿ. ಪುಸ್ತಿಕೆಯ ಲೇಖಕರು ಹಿಡಿದ ಸಿದ್ಧಾಂತ ಬೇರೆಯದು: ಸೈಟೊಮೆಗಲೊ ವೈರಸ್ ಮತ್ತು ಇತರ ಸೋಂಕುಗಳು ಮತ್ತೆ ಮತ್ತೆ ದೇಹಕ್ಕೆ ತಗುಲಿ ರೋಗನಿರೋಧಕ ಶಕ್ತಿ ಕುಸಿಯುತ್ತದೆ ಎಂಬುದು. ಅದು ತಪ್ಪೆಂದು ಮುಂದೆ ತಿಳಿಯಿತು. ಆದರೆ ಅದರಿಂದ ಅವರು ಇಳಿಸಿದ ಸಲಹೆ ಸರಿಯಾಗಿತ್ತು. ಒಬ್ಬರ ದೇಹದ್ರವ ಇನ್ನೊಬ್ಬರ ಒಳಕ್ಕೆ ಹೋಗದ ಹಾಗೆ ನೋಡಿಕೊಳ್ಳಿ, ಅದಕ್ಕೆ ಕಾಂಡೋಮ್ ಬಳಸಿ. ಗರ್ಭ ಧರಿಸುವ ಪ್ರಶ್ನೆಯೇ ಇಲ್ಲದ ಗಂಡಸರ ನಡುವೆ ಕಾಂಡೋಮಿನ ಮಾತು ಆಗ ವಿಚಿತ್ರವಾಗಿ ಕೇಳಿಸಿತು.

ವಿಮರ್ಶಕಿಯಾಗಿ ನನ್ನನ್ನು ಹಿಡಿದು ನಿಲ್ಲಿಸುವುದು ಈ ಪುಸ್ತಿಕೆಯ ಜೋಡಣೆ. ಅದು ಮನುಷ್ಯರನ್ನು ವಿಂಗಡಿಸುವುದಿಲ್ಲ, ಕ್ರಿಯೆಗಳನ್ನು ವಿಂಗಡಿಸುತ್ತದೆ. ಬಾಯಿಯಿಂದ ಮಾಡುವುದು ಒಂದು ಭಾಗ, ಬಾಯಿಯಿಂದ ಮಾಡಿಸಿಕೊಳ್ಳುವುದು ಇನ್ನೊಂದು, ಚುಂಬನ ಮತ್ತೊಂದು. ಯಾವುದರಲ್ಲಿ ಯಾರಿಗೆ ಎಷ್ಟು ಅಪಾಯ, ಅದನ್ನು ಕಡಿಮೆ ಮಾಡುವುದು ಹೇಗೆ ಎಂದು ಒಂದೊಂದನ್ನೂ ಬಿಡಿಸುತ್ತಾ ಹೋಗುತ್ತದೆ. ಪದಗಳು ಬೀದಿಯವು, ಓದುಗರು ತಮ್ಮ ಕೋಣೆಯಲ್ಲಿ ಆಡುವಂಥವು. ಲೇಖಕರು ಓದುಗರ ಎದುರಿಗೆ ಕೂತವರಲ್ಲ, ಪಕ್ಕದಲ್ಲಿ ಕೂತವರು. ‘ನೀವು ಹೀಗೆ ಮಾಡಿದ್ದೀರಿ’ ಎಂಬ ಆರೋಪದ ಜಾಗದಲ್ಲಿ ‘ನಾವು’ ಇದೆ. ಪುಸ್ತಿಕೆಯ ಕೊನೆಗೆ ಪ್ರೀತಿಯ ಬಗ್ಗೆಯೇ ಒಂದು ಭಾಗವಿದೆ. ಕಾಂಡೋಮಿನ ಬಗ್ಗೆ ಬರೆಯುತ್ತಾ ಹೋದವರು ಪ್ರೀತಿಗೆ ಬಂದು ನಿಲ್ಲುವುದರಲ್ಲಿ ಅಲಂಕಾರವಿಲ್ಲ. ಸಂಗಾತಿಯ ಮೇಲೆ ಅಕ್ಕರೆ ಇದ್ದರೆ ಮಾತ್ರ ಅವನ ಆರೋಗ್ಯದ ಚಿಂತೆ ಹುಟ್ಟುತ್ತದೆ ಎಂಬ ತರ್ಕ ಅಲ್ಲಿದೆ.

ಪುಸ್ತಿಕೆಗೆ ಮಿತಿಗಳೂ ಇವೆ. ಇದೇ ಇಬ್ಬರು ಆರು ತಿಂಗಳ ಹಿಂದೆ ಪತ್ರಿಕೆಯೊಂದಕ್ಕೆ ಬರೆದ ಲೇಖನದಲ್ಲಿ ಬಹುಸಂಗದ ಮೇಲೆ ಯುದ್ಧ ಸಾರಿದ್ದರು. ಆ ಉಪದೇಶದ ಕಾವು ಪುಸ್ತಿಕೆಯಲ್ಲಿ ಪೂರ್ತಿ ಆರಿಲ್ಲ. ಹೆಂಗಸರ ದೇಹ ಅಲ್ಲಿ ಇಲ್ಲವೇ ಇಲ್ಲ. ಅದು ಗಂಡಸರು ಗಂಡಸರಿಗೆ ಬರೆದದ್ದು. ಆದರೂ, ತಪ್ಪು ಸಿದ್ಧಾಂತದ ಮೇಲೆ ನಿಂತೂ ಜೀವ ಉಳಿಸಬಲ್ಲ ಗದ್ಯ ಬರೆದರಲ್ಲ, ಅದು ಹೇಗೆ ಸಾಧ್ಯವಾಯಿತು ಎಂದು ಯೋಚಿಸಿದ್ದೇನೆ. ರೋಗದ ಬಗ್ಗೆ ಅವರಿಗೆ ಗೊತ್ತಿದ್ದದ್ದು ಕಡಿಮೆ. ಓದುಗರ ಬಗ್ಗೆ ಗೊತ್ತಿದ್ದದ್ದು ಬಹಳ. ನನ್ನ ಮುಂದಿದ್ದ ಕನ್ನಡ ಕರಡಿನದು ಸರಿಯಾಗಿ ಇದರ ತಿರುಗುಮುರುಗು. ಅದರ ವಿಜ್ಞಾನವೆಲ್ಲ ಸರಿ, ಓದುಗರ ಪರಿಚಯ ಮಾತ್ರ ಇಲ್ಲ.

*

ಕನ್ನಡದಲ್ಲಿ ಈ ಮಾತು ಯಾಕೆ ಹೀಗೆ ತೊದಲುತ್ತದೆ? ಮಡಿವಂತಿಕೆ ಎಂದು ಒಂದೇ ಪದದಲ್ಲಿ ಹೇಳಿ ಮುಗಿಸುವುದು ಸುಲಭ. ನನಗೆ ಕಾಣುವ ಮೊದಲ ಕಾರಣ ಇನ್ನೂ ಸಾಮಾನ್ಯವಾದದ್ದು. ಕಾಂಡೋಮ್ ನಮ್ಮ ಭಾಷೆಗೆ ಬಂದದ್ದು ಕುಟುಂಬ ಯೋಜನೆಯ ಬಾಗಿಲಿನಿಂದ. 1968ರಲ್ಲಿ ಭಾರತ ಸರ್ಕಾರ ‘ನಿರೋಧ್’ ಅನ್ನು 15 ಪೈಸೆಗೆ ಮೂರರಂತೆ ಮಾರುಕಟ್ಟೆಗೆ ಬಿಟ್ಟಿತು. ಚಹಾಪುಡಿ, ಸೋಪು ಹಂಚುವ ಕಂಪನಿಗಳ ಜಾಲದಲ್ಲೇ ಅದು ಅಂಗಡಿ ಅಂಗಡಿಗೆ ಹೋಯಿತು. ಪತಂಜಲಿಯ ಯೋಗಸೂತ್ರದ ಆರಂಭದಲ್ಲೇ ಬರುವ ಪದವೊಂದು ಹೀಗೆ ಕಿರಾಣಿ ಅಂಗಡಿಯ ಡಬ್ಬಿ ಸೇರಿ, ನಮ್ಮ ಹಳ್ಳಿಗಳಲ್ಲಿ ಆ ವಸ್ತುವಿನ ಹೆಸರೇ ಆಯಿತು. ಗೋಡೆಯ ಮೇಲೆ ಕೆಂಪು ತ್ರಿಕೋನ, ಪಕ್ಕದಲ್ಲಿ ಗಂಡ ಹೆಂಡತಿ ಎರಡು ಮಕ್ಕಳು. ಆ ಚಿತ್ರದಲ್ಲಿ ಬಾಯಿಗೆ ಜಾಗವಿರಲಿಲ್ಲ. ಬಾಯಿಯಿಂದ ಮಗು ಹುಟ್ಟುವುದಿಲ್ಲವಲ್ಲ! 1986ರಲ್ಲಿ ಚೆನ್ನೈನಲ್ಲಿ ದೇಶದ ಮೊದಲ ಎಚ್‌ಐವಿ ಪ್ರಕರಣಗಳು ಪತ್ತೆಯಾದ ಮೇಲೆ ಕಾಂಡೋಮಿಗೆ ಎರಡನೆಯ ಅರ್ಥ ಬಂತು. ನಮ್ಮ ವಾಕ್ಯಗಳು ಮಾತ್ರ ಮೊದಲನೆಯ ಅರ್ಥದಲ್ಲೇ ಉಳಿದವು.

ಎರಡನೆಯ ಕಾರಣ ಕಾನೂನಿನ ಭಾಷೆ. ದಂಡಸಂಹಿತೆಯ 377ನೆಯ ಕಲಮು ‘ನಿಸರ್ಗಕ್ಕೆ ವಿರುದ್ಧ’ ಎಂದು ಹೇಳಿತೇ ಹೊರತು ಯಾವುದು ವಿರುದ್ಧ ಎಂದು ಹೇಳಲಿಲ್ಲ. 1925ರಲ್ಲಿ ಸಿಂಧ್‌ನ ನ್ಯಾಯಾಲಯ ಖಾನು ಪ್ರಕರಣದಲ್ಲಿ ಬಾಯಿಯ ಸಂಭೋಗವೂ ಅದರೊಳಗೆ ಬರುತ್ತದೆ ಎಂದಿತು. ಸಂತಾನಕ್ಕೆ ದಾರಿಯಾಗದ್ದು ನಿಸರ್ಗವಲ್ಲ ಎಂಬುದು ಅದರ ತರ್ಕ. ಕುಟುಂಬ ಯೋಜನೆಯ ಭಿತ್ತಿಚಿತ್ರ ಮತ್ತು ಈ ತೀರ್ಪು, ಒಂದಕ್ಕೊಂದು ಪರಿಚಯವಿಲ್ಲದ ಎರಡು ಪಠ್ಯಗಳು, ಕಾಮವನ್ನು ಅಳೆದದ್ದು ಮಾತ್ರ ಹೆರಿಗೆಯ ಒಂದೇ ಮಾನದಂಡದಿಂದ! 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ಒಪ್ಪಿಗೆಯಿರುವ ವಯಸ್ಕರನ್ನು ಆ ಕಲಮಿನಿಂದ ಬಿಡುಗಡೆ ಮಾಡುವವರೆಗೆ, ಗಂಡಹೆಂಡಿರಲ್ಲದವರ ಬಾಯಿಯ ಸುರಕ್ಷತೆಯ ಬಗ್ಗೆ ಕರಪತ್ರ ಹಂಚುವವರು ಅಪರಾಧದ ಅಂಚಿನಲ್ಲಿ ನಿಂತೇ ಹಂಚಬೇಕಿತ್ತು. ಭಾಷೆ ಬಿಗಿದುಕೊಂಡದ್ದು ಆಶ್ಚರ್ಯವಲ್ಲ.

ಮೂರನೆಯದು ಎಂಜಲು. ಇದು ನಮ್ಮದೇ.

*

ಕನ್ನಡದಲ್ಲಿ ಹುಟ್ಟಿ ಬೆಳೆದವರಿಗೆ ಬಾಯಿಯಿಂದ ಏನೋ ದಾಟುತ್ತದೆ ಎಂದು ಯಾರೂ ಕಲಿಸಬೇಕಿಲ್ಲ. ಚೊಂಬನ್ನು ಎತ್ತಿ ನೀರು ಕುಡಿಯುವಾಗಲೇ ಕಲಿತಿರುತ್ತೇವೆ. ನೋಟಕ್ಕೆ ಇದೊಂದು ಆರೋಗ್ಯದ ಅರಿವು. ಹಾಗಾಗಿ ಕರಪತ್ರ ಬರೆಯುವವರಿಗೆ ಇದನ್ನೇ ಬಳಸಿಕೊಂಡುಬಿಡುವ ಆಸೆ ಹುಟ್ಟುತ್ತದೆ. ನನ್ನ ಬಳಿ ಬಂದ ಕರಡಿನ ಮೂರನೆಯ ಪುಟ ಆ ಆಸೆಗೆ ಬಿದ್ದಿತ್ತು: “ಶುಚಿಯಾದ ಸಂಗಾತಿಯನ್ನೇ ಆಯ್ದುಕೊಳ್ಳಿ.” ಇಂಗ್ಲಿಷ್ ಮೂಲದಲ್ಲಿ ಇದ್ದದ್ದು ಸಂಗಾತಿಗಳಿಬ್ಬರೂ ಪರೀಕ್ಷೆ ಮಾಡಿಸಿಕೊಳ್ಳಿ ಎಂಬ ಮಾತು. ಪರೀಕ್ಷೆ ಕನ್ನಡಕ್ಕೆ ಬರುವಾಗ ಶುಚಿಯಾಯಿತು, ಇಬ್ಬರ ಮೇಲಿದ್ದ ಹೊಣೆ ಒಬ್ಬರ ಮೈಮೇಲಿನ ಕಲೆಯಾಯಿತು.

ಎಂಜಲು ದ್ರವದ ಗುಣವಲ್ಲ, ಕುಡಿದವರ ಸ್ಥಾನದ ಗುಣ. ತಾಯಿಯ ಎಂಜಲು ಮಗುವಿಗೆ ಎಂಜಲಲ್ಲ, ಶಬರಿ ಕಚ್ಚಿ ನೋಡಿದ ಹಣ್ಣು ರಾಮನಿಗೆ ಎಂಜಲಲ್ಲ. ಮೇಲಿನವರ ಎಂಜಲೆಲೆಯ ಮೇಲೆ ಉರುಳುವುದು ಸೇವೆ ಎನ್ನಿಸಿಕೊಳ್ಳುತ್ತದೆ, ಕೆಳಗಿನವರ ತಟ್ಟೆ ಮುಟ್ಟಿದರೆ ಸ್ನಾನ. ಸೂಕ್ಷ್ಮಜೀವಿಗೆ ಈ ಲೆಕ್ಕವೆಲ್ಲ ಗೊತ್ತಿಲ್ಲ. ಅದು ಕುಲೀನರ ಗಂಟಲಲ್ಲೂ ಕೂರುತ್ತದೆ. ಸ್ನಾನ ಮಾಡಿ, ಅತ್ತರು ಹಚ್ಚಿ, ನೋಡಲು ‘ಶುಚಿ’ಯಾಗಿರುವ ಸಂಗಾತಿಯ ಗಂಟಲಲ್ಲಿ ಯಾವ ಲಕ್ಷಣವನ್ನೂ ತೋರಿಸದೆ ಗೊನೋರಿಯಾ ಇರಬಹುದು.

ಅನಂತಮೂರ್ತಿಯವರ ‘ಸಂಸ್ಕಾರ’ವನ್ನು ನಾವು ಧರ್ಮಸಂಕಟದ ಕಾದಂಬರಿಯಾಗಿ, ನವ್ಯದ ಕಾದಂಬರಿಯಾಗಿ ಎಷ್ಟೋ ಸಲ ಓದಿದ್ದೇವೆ. 1965ರ ಆ ಕೃತಿಯನ್ನು ಈ ಕರಡಿನ ಪಕ್ಕ ಇಟ್ಟು ಓದಿದಾಗ ನನಗೆ ಅದು ಸಾಂಕ್ರಾಮಿಕದ ಕಾದಂಬರಿಯಾಗಿಯೂ ಕಂಡಿತು. ನಾರಣಪ್ಪನ ಹೆಣ ಕೊಳೆಯುತ್ತಿದೆ. ಇಲಿಗಳು ಸಾಯುತ್ತಿವೆ, ಹದ್ದುಗಳು ಮಾಡಿನ ಮೇಲೆ ಕೂತಿವೆ. ಅಗ್ರಹಾರ ಮಾತ್ರ ಮುಟ್ಟಿದರೆ ಯಾರಿಗೆ ಮೈಲಿಗೆ ಎಂಬ ಚರ್ಚೆಯಲ್ಲಿ ಮುಳುಗಿದೆ. ಮೈಲಿಗೆಯ ಭಾಷೆ ಅಷ್ಟು ಸಮೃದ್ಧವಾಗಿರುವುದರಿಂದಲೇ ಪ್ಲೇಗು ಅವರ ಕಣ್ಣಿಗೆ ಕಾಣುವುದಿಲ್ಲ. ಯಾರ ಮೈಯನ್ನು ಎಲ್ಲರೂ ಮೈಲಿಗೆ ಅನ್ನುತ್ತಾರೋ ಆ ಚಂದ್ರಿಯೇ ಕೊನೆಗೆ ಅಹಮದ್ ಬ್ಯಾರಿಯ ನೆರವಿನಿಂದ ಹೆಣವನ್ನು ಸುಡಿಸುತ್ತಾಳೆ. ಮಾಡಬೇಕಾದ ಕೆಲಸವೇನೆಂದು ಕಂಡದ್ದು ಅವಳಿಗೆ. ‘ಶುಚಿಯಾದ ಸಂಗಾತಿ’ ಎಂದು ಬರೆಯುವ ಕರಪತ್ರ ಅಗ್ರಹಾರದ ಜಗಲಿಯಲ್ಲಿ ಕೂತು ಬರೆದದ್ದು.

ಇದಕ್ಕೆ ಇನ್ನೂ ಹಳೆಯ ಬೇರುಗಳಿವೆ. ವಾತ್ಸ್ಯಾಯನನ ಕಾಮಸೂತ್ರದ ಎರಡನೆಯ ಅಧಿಕರಣದ ಒಂಬತ್ತನೆಯ ಅಧ್ಯಾಯ ‘ಔಪರಿಷ್ಟಕ’, ಅಂದರೆ ಬಾಯಿಯ ಸಂಭೋಗ. ತೃತೀಯ ಪ್ರಕೃತಿಯವರಿಂದ ಆರಂಭವಾಗುವ ಆ ಅಧ್ಯಾಯದಲ್ಲಿ ಒಂದು ವಾದವಿದೆ. ಇದು ಶಾಸ್ತ್ರಕ್ಕೆ ವಿರೋಧ, ಮಾಡಬಾರದು ಎನ್ನುತ್ತಾರೆ ಆಚಾರ್ಯರು. ಅದಕ್ಕೆ ಎದುರಾಗಿ ಧರ್ಮಶಾಸ್ತ್ರದ್ದೇ ಮಾತೊಂದು ಬರುತ್ತದೆ: ಹಾಲು ಕರೆಯುವಾಗ ಕರುವಿನ ಬಾಯಿ, ಬೇಟೆಯಲ್ಲಿ ನಾಯಿಯ ಬಾಯಿ, ಹಣ್ಣು ಬೀಳಿಸುವಾಗ ಹಕ್ಕಿಯ ಕೊಕ್ಕು, ರತಿಯಲ್ಲಿ ಹೆಣ್ಣಿನ ಬಾಯಿ, ಇವು ಶುದ್ಧ ಎಂಬುದು ಅದರ ಭಾವ. ಕೊನೆಗೆ ವಾತ್ಸ್ಯಾಯನ ತೀರ್ಮಾನವನ್ನು ದೇಶಕ್ಕೆ, ಆಚಾರಕ್ಕೆ, ಅವರವರ ಮನಸ್ಸಿಗೆ ಬಿಡುತ್ತಾನೆ. ಎಷ್ಟು ಧಾರಾಳ ಎಂದು ಮೆಚ್ಚುವ ಮೊದಲು ಆ ಪಟ್ಟಿಯನ್ನು ಇನ್ನೊಮ್ಮೆ ನೋಡಬೇಕು. ಕರು, ನಾಯಿ, ಹಕ್ಕಿ, ಹೆಣ್ಣು: ನಾಲ್ಕು ಬಾಯಿಯೂ ಯಾರಿಗೋ ಉಪಯೋಗಕ್ಕೆ ಬರುವ ಹೊತ್ತಿನಲ್ಲಿ ಮಾತ್ರ ಶುದ್ಧ. ಗಂಡಿನ ಅನುಕೂಲ ಮುಗಿದೊಡನೆ ಶುದ್ಧಿಯೂ ಮುಗಿಯುತ್ತದೆ. ಆ ಬಾಯಿಗೆ ಏನು ತಗುಲೀತು ಎಂಬ ಪ್ರಶ್ನೆ ಎರಡೂ ಕಡೆಯ ವಾದದಲ್ಲಿ ಇಲ್ಲ. ನ್ಯೂಯಾರ್ಕಿನ ಪುಸ್ತಿಕೆ ಮಾಡುವವರನ್ನೂ ಮಾಡಿಸಿಕೊಳ್ಳುವವರನ್ನೂ ಬೇರೆ ಬೇರೆ ಭಾಗಗಳಲ್ಲಿ ಕೇಳಿದ್ದು ಯಾಕೆ ದೊಡ್ಡ ಮಾತು ಎಂದು ನನಗೆ ಹೊಳೆದದ್ದು ಇಲ್ಲಿ.

ಮಡಿಗೂ ತೆಳ್ಳಗಿನ ಆ ರಬ್ಬರಿಗೂ ಇರುವ ವ್ಯತ್ಯಾಸ ಇದೇ. ‘ನಿನ್ನಿಂದ ನನಗೆ ಮೈಲಿಗೆ’ ಎನ್ನುವುದು ಮಡಿ. ‘ನಮ್ಮಿಬ್ಬರಲ್ಲಿ ಯಾರಲ್ಲಿ ಏನಿದೆಯೋ ತಿಳಿಯದು, ಇಬ್ಬರನ್ನೂ ಕಾಯ್ದುಕೊಳ್ಳೋಣ’ ಎನ್ನುವುದು ಇನ್ನೊಂದು. ಮಡಿ ಮುಟ್ಟದೆ ದೂರ ಉಳಿಯುತ್ತದೆ. ಇದು ಮುಟ್ಟುವುದಕ್ಕೆಂದೇ ಇರುವಂಥದ್ದು.

*

ಇನ್ನು ಆ ‘ದಂತ ಅಣೆಕಟ್ಟಿ’ನ ಕಥೆ. 1864ರಲ್ಲಿ ನ್ಯೂಯಾರ್ಕಿನ ದಂತವೈದ್ಯ ಸ್ಯಾನ್‌ಫರ್ಡ್ ಬಾರ್ನಮ್ ಹಲ್ಲಿನ ಸುತ್ತ ಎಂಜಲು ತುಂಬದಂತೆ ರಬ್ಬರ್ ಹಾಳೆಯೊಂದನ್ನು ಬಳಸಿದ. ಎಂಜಲನ್ನು ಕಟ್ಟಿ ನಿಲ್ಲಿಸುವುದರಿಂದ ಅದು ಡ್ಯಾಮ್. ನೂರಿಪ್ಪತ್ತು ವರ್ಷ ಕಳೆದ ಮೇಲೆ, ಏಡ್ಸ್ ಕಾಲದಲ್ಲಿ, ಗಂಡಸರ ಕರಪತ್ರಗಳಲ್ಲಿ ತಮಗೆ ಜಾಗವಿಲ್ಲದ್ದನ್ನು ಕಂಡ ಹೆಂಗಸರು ಅದನ್ನು ದಂತವೈದ್ಯರ ಕೋಣೆಯಿಂದ ಮಲಗುವ ಕೋಣೆಗೆ ತಂದರು. 2022ರಲ್ಲಿ ಅಮೆರಿಕದ ಎಫ್‌ಡಿಎ, ಬಾಯಿಯ ಸಂಭೋಗದಲ್ಲಿ ರಕ್ಷಣೆಗೆಂದೇ ಮಾಡಿದ ‘ಲೋರಲ್ಸ್’ ಎಂಬ ತೆಳ್ಳಗಿನ ಒಳಉಡುಪಿಗೆ ಅನುಮತಿ ಕೊಟ್ಟಿತು. ಆದರೂ ಡ್ಯಾಮ್ ಬಳಸುವವರು ಎಲ್ಲೆಡೆಯೂ ಕಡಿಮೆಯೇ. ನಮ್ಮ ಊರಿನ ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಹಲ್ಲಿನ ಡಾಕ್ಟರ ಮನೆ ತೋರಿಸುತ್ತಾರೆ.

ಒಳ್ಳೆಯ ಕರಪತ್ರ ಇಷ್ಟನ್ನು ನೇರವಾಗಿ ಹೇಳಬೇಕು ಎಂದು ನಾವಿಬ್ಬರೂ ಕೂತು ಒಪ್ಪಿಕೊಂಡೆವು. ಬಾಯಿಯಿಂದ ಮಾಡುವಾಗ ಎಚ್‌ಐವಿ ತಗಲುವ ಸಂಭವ ತೀರಾ ಕಡಿಮೆ. ಇದನ್ನು ಹೆದರಿಸಲೆಂದು ಮುಚ್ಚಿಡಬಾರದು. ಗೊನೋರಿಯಾ, ಸಿಫಿಲಿಸ್, ಹರ್ಪಿಸ್, ಎಚ್‌ಪಿವಿ ಬಾಯಿಯ ದಾರಿಯಲ್ಲಿ ದಾಟುತ್ತವೆ. ಎಚ್‌ಪಿವಿಯ ಕೆಲವು ಬಗೆಗಳಿಂದ ವರ್ಷಗಳ ನಂತರ ಗಂಟಲಿನ ಕ್ಯಾನ್ಸರ್ ಬರಬಹುದು, ಅದಕ್ಕೆ ಲಸಿಕೆ ಇದೆ. ಗುದದ ಹತ್ತಿರ ಬಾಯಿ ಹೋದರೆ ಹೆಪಟೈಟಿಸ್ ಎ ಮತ್ತು ಹೊಟ್ಟೆಯ ಸೋಂಕುಗಳ ಭಯ. ಗಂಡಸಿನ ಅಂಗಕ್ಕೆ ಕಾಂಡೋಮ್, ಹೆಂಗಸಿನ ಅಂಗಕ್ಕೆ ಮತ್ತು ಗುದಕ್ಕೆ ಹಾಳೆ. ಹಾಳೆ ಸಿಗದಿದ್ದರೆ ಹೊಸ ಕಾಂಡೋಮ್ ತೆಗೆದು, ತುದಿ ಮತ್ತು ಬುಡದ ಉಂಗುರ ಕತ್ತರಿಸಿ, ಉದ್ದಕ್ಕೆ ಸೀಳಿ ಬಿಡಿಸಿದರೆ ಅದೇ ಹಾಳೆ. ಒಂದು ಕಡೆಯಿಂದ ಬಳಸಿದ್ದನ್ನು ತಿರುವಿ ಹಾಕಬಾರದು, ಎರಡನೆಯ ಸಲ ಬಳಸಬಾರದು. ಕೊಬ್ಬರಿ ಎಣ್ಣೆ, ವ್ಯಾಸಲೀನ್ ಲ್ಯಾಟೆಕ್ಸ್ ರಬ್ಬರನ್ನು ಹಾಳುಮಾಡುತ್ತವೆ. ನೀರಿನ ಜೆಲ್ ಸಾಕು. ಸ್ಟ್ರಾಬೆರಿ, ಚಾಕೊಲೇಟ್ ರುಚಿಯ ಕಾಂಡೋಮುಗಳು ಇರುವುದೇ ಬಾಯಿಗಾಗಿ. ಬಾಯಲ್ಲಿ ಹುಣ್ಣಿದ್ದರೆ, ವಸಡಿನಿಂದ ರಕ್ತ ಬರುತ್ತಿದ್ದರೆ ಆ ದಿನ ಬೇಡ. ಪರೀಕ್ಷೆಗೆ ಹೋದಾಗ ಗಂಟಲಿನಿಂದಲೂ ಮಾದರಿ ತೆಗೆಯಿರಿ ಎಂದು ಕೇಳಬೇಕು. ಮೂತ್ರದ ಪರೀಕ್ಷೆಗೆ ಗಂಟಲಿನ ಸೋಂಕು ಕಾಣುವುದಿಲ್ಲ.

ಇದನ್ನೆಲ್ಲ ಹೇಳಲು ಕನ್ನಡದಲ್ಲಿ ಪದಗಳಿಲ್ಲ ಎನ್ನುವವರನ್ನು ನಾನು ನಂಬುವುದಿಲ್ಲ. ವಸುಧೇಂದ್ರರ ‘ಮೋಹನಸ್ವಾಮಿ’ 2013ರಲ್ಲಿ ಬಂದಾಗ, ಇಂಥ ಬದುಕಿಗೆ ಕನ್ನಡ ಕಥೆಯಲ್ಲಿ ಭಾಷೆ ಇದೆ ಎಂಬುದು ಗೊತ್ತಾಯಿತು. ಎ. ರೇವತಿಯವರ ಆತ್ಮಕಥನ ದು. ಸರಸ್ವತಿಯವರ ಕನ್ನಡದಲ್ಲಿ ‘ಬದುಕು ಬಯಲು’ ಆಗಿ ಬಂದು, ಮುಂದೆ ರಂಗದ ಮೇಲೂ ನಿಂತಿತು. ಈ ಪುಸ್ತಕಗಳು ಯಾರಿಗೂ ಕಾಂಡೋಮಿನ ಪಾಠ ಹೇಳಲು ಹೊರಟವಲ್ಲ. ಆದರೆ ದೇಹದ ಬಗ್ಗೆ ಮಾತಾಡುವಾಗ ದನಿ ತಗ್ಗಿಸದೆ, ಏರಿಸದೆ ಇರುವ ಬಗೆ ಅವುಗಳಲ್ಲಿದೆ. ಕರಪತ್ರ ಕಲಿಯಬೇಕಾದ್ದು ಪದಗಳಿಗಿಂತ ಆ ದನಿಯನ್ನು.

‘ಮೌಖಿಕ ಸಂಭೋಗ’ವನ್ನು ಹೊಡೆದು ‘ಬಾಯಿಯಿಂದ ಮಾಡುವುದು’ ಎಂದು ಬರೆದೆವು. ‘ದಂತ ಅಣೆಕಟ್ಟು’ ‘ರಬ್ಬರ್ ಹಾಳೆ’ ಆಯಿತು. ‘ತಡೆಗೋಡೆ’ಯನ್ನೂ ತೆಗೆದೆವು, ಗೋಡೆ ಎಂದ ಮೇಲೆ ಆಚೆ ಈಚೆ ಎರಡು ಮನೆಯಾಗಿಬಿಡುತ್ತದೆ. ‘ಶುಚಿಯಾದ ಸಂಗಾತಿ’ಯ ಜಾಗದಲ್ಲಿ ‘ಇಬ್ಬರೂ ಪರೀಕ್ಷೆ ಮಾಡಿಸಿಕೊಳ್ಳಿ’ ಬಂತು. ನನಗೆ ತೃಪ್ತಿಯಾಗಿತ್ತು.

ಎರಡು ವಾರದ ಮೇಲೆ ಅವಳ ಫೋನು. ತರಬೇತಿಯಲ್ಲಿ ಓದಿಸಿದರಂತೆ, ಎಲ್ಲರಿಗೂ ಅರ್ಥವಾಯಿತಂತೆ. ಕೊನೆಗೆ ನಡುವಯಸ್ಸಿನ ಹೆಂಗಸೊಬ್ಬಳು ಹಾಳೆಯನ್ನು ಮಡಚುತ್ತಾ ಕೇಳಿದಳಂತೆ: “ಇದೆಲ್ಲಾ ತಿಳೀತವ್ವಾ. ಇದನ್ನ ಅಂವಗ ಹ್ಯಾಂಗ ಹೇಳಲಿ?”

ನಾಲ್ಕು ಪುಟದಲ್ಲಿ ಅದಕ್ಕೆ ಒಂದು ವಾಕ್ಯವೂ ಇರಲಿಲ್ಲ. ನಾನು ಪದ ತಿದ್ದಿದ್ದೆ. ಆ ಪದಗಳನ್ನು ಒಬ್ಬಳು ಒಬ್ಬನಿಗೆ ರಾತ್ರಿ ಹೇಳಬೇಕಾಗುತ್ತದೆ ಎಂಬುದು ನನಗೆ ಹೊಳೆದಿರಲಿಲ್ಲ. ಹೇಳಿದರೆ ಅವನು ‘ನನ್ನ ಮೇಲೆ ಸಂಶಯವೇ’ ಎನ್ನಬಹುದು, ‘ನೀನು ಎಲ್ಲಿ ಹೋಗಿದ್ದೆ’ ಎನ್ನಬಹುದು, ಕೈ ಎತ್ತಲೂಬಹುದು. ಕ್ಯಾಲೆನ್ ಮತ್ತು ಬರ್ಕೊವಿಟ್ಜ್ ಪುಸ್ತಿಕೆಯನ್ನು ಪ್ರೀತಿಯಲ್ಲಿ ಮುಗಿಸಿದ್ದನ್ನು ಮೆಚ್ಚಿ ಬರೆದವಳು ನಾನು. ಆ ಭಾಗ ನಮ್ಮ ಕರಪತ್ರದಲ್ಲಿ ಇಲ್ಲದ್ದನ್ನು ಗಮನಿಸಲೇ ಇಲ್ಲ.

“ಐದನೇ ಪುಟ ಸೇರಿಸೋಣ” ಎಂದೆ. “ನೀವು ಬರೀಬ್ಯಾಡ್ರಿ ಮೇಡಂ” ಎಂದಳು ಅವಳು. “ಅವರನ್ನೇ ಕೇಳಿ ಬರ್ಕೋತೀನಿ. ಅವರು ಮನ್ಯಾಗ ಹ್ಯಾಂಗ ಹೇಳ್ತಾರ, ಹಂಗ.” ಮೌಖಿಕ ಪರಂಪರೆಯ ಕ್ಷೇತ್ರಕಾರ್ಯವನ್ನು ಅವಳಿಗೆ ಎಂ.ಎ. ಎರಡನೆಯ ವರ್ಷದಲ್ಲಿ ಪಾಠ ಮಾಡಿದವಳು ನಾನೇ. ಆ ಪುಟ ಇನ್ನೂ ಬಂದಿಲ್ಲ. ಬಂದರೆ ಅದರ ಕನ್ನಡವನ್ನು ನಾನು ತಿದ್ದುವುದಿಲ್ಲ.